ಅಂಗಡಿ ತುಂಬಿದರೆ ಷೇರು ಏರುತ್ತಾ?

ಪ್ರಶ್ನೆ: ಮೇಡಂ, ನಾವು ನ್ಯೂಜೆರ್ಸಿಗೆ ಬಂದು ಮೂರು ವರ್ಷ ಆಯಿತು. ಬ್ಲ್ಯಾಕ್ ಫ್ರೈಡೇ ದಿನ ಮಾಲ್ ಮುಂದೆ ಕಾರು ನಿಲ್ಲಿಸೋಕೇ ನಲವತ್ತು ನಿಮಿಷ ಸುತ್ತಿದೆವು. ಇಷ್ಟು ಜನ ಕೊಳ್ಳುತ್ತಿರುವಾಗ ಅಂಗಡಿ ಕಂಪನಿಗಳ ಷೇರು ಈಗಲೇ ತಗೊಳ್ಳೋದು ಒಳ್ಳೆಯದಲ್ವಾ? ಕೈಯಲ್ಲಿ 6,000 ಡಾಲರ್ ಇದೆ. ಕ್ರೆಡಿಟ್ ಕಾರ್ಡ್ ಬಾಕಿ 1,900 ಇದೆ, ನಿಧಾನಕ್ಕೆ ಕಟ್ಟುತ್ತಿದ್ದೇವೆ.

ಉತ್ತರ: ಆ "ನಿಧಾನಕ್ಕೆ" ಅನ್ನೋ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾನು ಪೆಟ್ಟು ತಿಂದ ಕತೆ ಕೇಳಿ.

2021ರ ಹಬ್ಬದ ಸೀಸನ್‌ನಲ್ಲಿ ಇಲ್ಲಿ ವ್ಯಾಪಾರ ಜೋರೋ ಜೋರು. ನವೆಂಬರ್-ಡಿಸೆಂಬರ್ ಮಾರಾಟ ಶೇ. 14ರಷ್ಟು ಏರಿದೆ ಎಂದು ಇಲ್ಲಿನ ಅಂಗಡಿ ಕಂಪನಿಗಳ ಸಂಘವಾದ ನ್ಯಾಷನಲ್ ರೀಟೇಲ್ ಫೆಡರೇಷನ್ ಜನವರಿಯಲ್ಲಿ ಹೇಳಿತು. ಅದನ್ನು ಓದಿದವಳೇ ದೊಡ್ಡ ಅಂಗಡಿ ಸರಣಿಯೊಂದರ ಷೇರು ಕೊಂಡೆ. ಆ ಡಿಸೆಂಬರ್‌ನಲ್ಲಿ ಬೆಲೆಯೇರಿಕೆಯೇ ಶೇ. 7 ಇತ್ತು, ಅದು ನನ್ನ ತಲೆಗೇ ಹೋಗಲಿಲ್ಲ. ಸಾಮಾನು ಅಷ್ಟೇ ಹೋದರೂ ಬಿಲ್ಲು ದೊಡ್ಡದಾಗುತ್ತೆ ನೋಡಿ.

2022ರ ಮೇ 18. ಒಂದೇ ದಿನದಲ್ಲಿ ನನ್ನ ಷೇರಿನ ಕಾಲು ಭಾಗ ಕರಗಿಹೋಯಿತು. ತಮಾಷೆ ಏನು ಗೊತ್ತಾ, ಆ ಮೂರು ತಿಂಗಳಲ್ಲೂ ಕಂಪನಿಯ ಮಾರಾಟ ಏರಿತ್ತು! ಲಾಭ ಮಾತ್ರ ಅರ್ಧಕ್ಕಿಂತ ಕೆಳಗಿಳಿದಿತ್ತು. ಟಿವಿ, ಪೀಠೋಪಕರಣ ಎಲ್ಲ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಸಾಗಣೆ ಖರ್ಚು ಏರಿತ್ತು. ರಿಯಾಯಿತಿ ಕೊಡದೆ ಮಾಲು ಖಾಲಿ ಆಗುವಂತಿರಲಿಲ್ಲ.

ಪಾರ್ಕಿಂಗ್‌ನಲ್ಲಿ ಕಾಣೋದು ಜನ, ಲಾಭ ಅಲ್ಲ. ಸುಮ್ನೆ ಒಮ್ಮೆ ಡಿಸೆಂಬರ್ 26ಕ್ಕೆ ಅದೇ ಮಾಲ್‌ಗೆ ಹೋಗಿ ರಿಟರ್ನ್ಸ್ ಕೌಂಟರ್ ಮುಂದೆ ನಿಲ್ಲಿ. ಹೋದ ಸಲ ಕಾಫಿ ಮೆಷಿನ್ ಹೊತ್ತು ನಾನೂ ಆ ಸಾಲಿನಲ್ಲಿದ್ದೆ. ನನ್ನ ಮುಂದಿದ್ದಾಕೆ ಒಂದೇ ಸ್ವೆಟರನ್ನು ಮೂರು ಸೈಜ್‌ನಲ್ಲಿ ತಂದು ಮೂರನ್ನೂ ಕೌಂಟರ್ ಮೇಲಿಟ್ಟಳು. ಕೌಂಟರ್ ಹುಡುಗ ತಲೆಯೆತ್ತಲೂ ಇಲ್ಲ, ಪೀಕ್ ಪೀಕ್ ಅಂತ ಸ್ಕ್ಯಾನ್ ಮಾಡಿ ಹಿಂದಿನ ಬುಟ್ಟಿಗೆ ಎಸೆದ. ಬುಟ್ಟಿ ಆಗಲೇ ತುಂಬಿ ತುಳುಕುತ್ತಿತ್ತು.

ಷೇರು ಕೊಳ್ಳಲೇಬೇಕು ಅನ್ನಿಸಿದರೆ ಮಾರ್ಚ್‌ವರೆಗೆ ತಡೆಯಿರಿ. ಇಲ್ಲಿನ ಬಹುತೇಕ ದೊಡ್ಡ ಅಂಗಡಿ ಕಂಪನಿಗಳ ಲೆಕ್ಕದ ವರ್ಷ ಮುಗಿಯೋದು ಜನವರಿ ಕೊನೆಗೆ. ಫಲಿತಾಂಶ ಬರುವಾಗ ಫೆಬ್ರವರಿ ಕೊನೆ, ಮಾರ್ಚ್ ಆಗಿರುತ್ತೆ. ಅದರಲ್ಲಿ ದಾಸ್ತಾನು ಎಷ್ಟಿದೆ ನೋಡಿ. ಮಾರಾಟಕ್ಕಿಂತ ದಾಸ್ತಾನು ಜೋರಾಗಿ ಬೆಳೆದಿದ್ದರೆ ನಾನಂತೂ ಹತ್ತಿರ ಹೋಗಲ್ಲ.

ಈಗ ಆ 1,900. ಇಲ್ಲಿ ಕಾರ್ಡ್ ಬಾಕಿಗೆ ಬಡ್ಡಿ ಸರಾಸರಿ ಶೇ. 20ರ ಮೇಲಿದೆ. ಇಲ್ಲಿನ ಸುಮಾರು 500 ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರಿಸುವ ಎಸ್ ಅಂಡ್ ಪಿ 500 ಸೂಚ್ಯಂಕ ದಶಕಗಳ ಲೆಕ್ಕದಲ್ಲಿ ಕೊಟ್ಟಿರೋದು ವರ್ಷಕ್ಕೆ ಹೆಚ್ಚುಕಮ್ಮಿ ಶೇ. 10, ಅದೂ ಏಳುಬೀಳುಗಳ ನಡುವೆ. ಇವತ್ತೇ ಕುಳಿತು ಪೂರ್ತಿ ಕಟ್ಟಿಬಿಡಿ. ಉಳಿದ 4,100 ಉಳಿತಾಯ ಖಾತೆಯಲ್ಲಿರಲಿ. ನಿಮ್ಮದು ವೀಸಾ ಮೇಲಿನ ಕೆಲಸ ಆಗಿದ್ದರೆ ಅದನ್ನು ಮುಟ್ಟಲೇಬೇಡಿ. ಮುಂದೆ ಸಂಬಳದಲ್ಲಿ ಉಳಿದದ್ದನ್ನು ತಿಂಗಳು ತಿಂಗಳು, ಇಂಥ ಸೂಚ್ಯಂಕದ ಕಂಪನಿಗಳ ಷೇರುಗಳನ್ನು ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಹಾಕಿ.

ಪ್ರಶ್ನೆ: "ಸಾಂಟಾ ರ‍್ಯಾಲಿ" ನಂಬಬಹುದಾ?

ಉತ್ತರ: ಡಿಸೆಂಬರ್‌ನ ಕೊನೆಯ ಐದು, ಜನವರಿಯ ಮೊದಲ ಎರಡು ವಹಿವಾಟಿನ ದಿನ ಮಾರುಕಟ್ಟೆ ಏರುತ್ತೆ ಅನ್ನೋ ಮಾತು 1972ರಿಂದ ಇದೆ. ಜಾಸ್ತಿ ವರ್ಷ ಏರಿದ್ದೂ ನಿಜ. ಆದರೆ 2023ರ ಕೊನೆಗೂ ಸಾಂಟಾ ಬರಲಿಲ್ಲ, 2024ರ ಕೊನೆಗೂ ಬರಲಿಲ್ಲ. ಆ ಏಳು ದಿನ ನಾನು ಷೇರಿನ ಆ್ಯಪ್ ತೆರೆಯಲ್ಲ. ಕಾಫಿ ಮೆಷಿನ್‌ನಂಥದ್ದು ಏನಾದರೂ ಒಂದು ವಾಪಸ್ ಕೊಡೋದು ಇದ್ದೇ ಇರುತ್ತೆ.