ಬೆಂಗಳೂರಾ, ತಿರುವನಂತಪುರಾನಾ? ಎರಡು ಆಫರ್ ಲೆಟರಿನ ಲೆಕ್ಕ

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಹಳ್ಳಿ. ಸ್ವಲ್ಪ ಕಾಫಿ, ಸ್ವಲ್ಪ ಕರಿಮೆಣಸು ಇದೆ. ಮಗಳು ಬಿಇ ಮುಗಿಸಿ ಮೈಸೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದಾಳೆ. ಈಗ ಎರಡು ರಾಜಧಾನಿಯಿಂದ ಕರೆ ಬಂದಿದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ವರ್ಷಕ್ಕೆ 9 ಲಕ್ಷ, ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿ 7.2 ಲಕ್ಷ. ಪಿಜಿ ವಿಚಾರಿಸಿದೆವು. ಇಬ್ಬರಿಗೊಂದು ರೂಮು, ಊಟ ಸೇರಿ ಬೆಂಗಳೂರಿನಲ್ಲಿ 14,000, ಅಲ್ಲಿ 8,000 ಅಂದರು. ಒಂದು ಬೆಡ್‌ರೂಮಿನ ಮನೆಗೆ ಬೆಂಗಳೂರಿನಲ್ಲಿ 24,000, ಅಲ್ಲಿ 11,000 ಬಾಡಿಗೆಯಂತೆ. ತಿರುವನಂತಪುರದಲ್ಲಿ ಖರ್ಚು ಕಡಿಮೆ, ನೆಮ್ಮದಿ ಜಾಸ್ತಿ ಅಂತ ಇಂಟರ್‌ನೆಟ್‌ನಲ್ಲಿ ಓದಿದೆ. ಅವಳ ತಂದೆ ಮಾತ್ರ ‘ಸಂಬಳ ಜಾಸ್ತಿ ಇರುವ ಕಡೆ ಹೋಗಲಿ’ ಅನ್ನುತ್ತಾರೆ. ಎರಡೂ ಆಫರ್ ಲೆಟರಿನ ಪ್ರತಿ ಕಳಿಸಿದ್ದೇನೆ. ನೀವೇನು ಹೇಳುತ್ತೀರಿ?

ಉತ್ತರ: ಆಫರ್ ಲೆಟರ್ ಕಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ‘ಪ್ಯಾಕೇಜ್ ಇಷ್ಟು’ ಅಂತ ಒಂದೇ ಅಂಕಿ ಬರೆದು ಕಳಿಸುತ್ತಾರೆ. ಅದನ್ನು ನೋಡಿ ಏನೂ ಹೇಳಲಿಕ್ಕಾಗುವುದಿಲ್ಲ.

ಬೆಂಗಳೂರಿನ ಪತ್ರದ ಕೊನೆಯ ಪುಟದಲ್ಲಿರುವ ಪಟ್ಟಿ ತೆಗೆದು ನೋಡಿ. 9 ಲಕ್ಷದಲ್ಲಿ 90,000 ರೂಪಾಯಿ ‘ವೇರಿಯಬಲ್ ಪೇ’. ಅಂದರೆ ಕಂಪನಿಗೆ ಲಾಭ ಬಂದು, ಮ್ಯಾನೇಜರ್ ಒಳ್ಳೆಯ ರೇಟಿಂಗ್ ಕೊಟ್ಟರೆ ವರ್ಷದ ಕೊನೆಗೆ ಸಿಗುವ ದುಡ್ಡು. ಪೂರ್ತಿ ಸಿಗಬಹುದು, ಅರ್ಧ ಸಿಗಬಹುದು, ಸಿಗದೆಯೂ ಇರಬಹುದು. ಅದನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಉಳಿದದ್ದು 8.1 ಲಕ್ಷ. ಇದರಲ್ಲಿ ಅರ್ಧ ಬೇಸಿಕ್ (ಮೂಲ ವೇತನ), ಅಂದರೆ 4.05 ಲಕ್ಷ. ಬೇಸಿಕ್‌ನ 12 ಪರ್ಸೆಂಟ್ ನಿಮ್ಮ ಮಗಳ ಪಿಎಫ್‌ಗೆ ಹೋಗುತ್ತದೆ. ಕಂಪನಿ ಕಟ್ಟುವ ಇನ್ನೊಂದು 12 ಪರ್ಸೆಂಟನ್ನೂ ಇದೇ 8.1 ಲಕ್ಷದೊಳಗೆ ತೋರಿಸಿದ್ದಾರೆ. ಎರಡೂ ಸೇರಿ ವರ್ಷಕ್ಕೆ 97,200. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಹೆಸರಲ್ಲಿ ಇನ್ನೊಂದು 19,500ರ ಹತ್ತಿರ. ವೃತ್ತಿ ತೆರಿಗೆ 2,500. ಇಷ್ಟು ಕಳೆದರೆ ಕೈಗೆ ಬರುವುದು ತಿಂಗಳಿಗೆ ಸುಮಾರು 57,500.

ತಿರುವನಂತಪುರದ ಪತ್ರದಲ್ಲಿ ವೇರಿಯಬಲ್ ಇಲ್ಲ. 7.2 ಲಕ್ಷಕ್ಕೆ ಇದೇ ಲೆಕ್ಕ ಹಾಕಿದರೆ ತಿಂಗಳಿಗೆ 51,100ರ ಹತ್ತಿರ ಬರುತ್ತದೆ. ಆದಾಯ ತೆರಿಗೆಯ ತಲೆನೋವು ಎರಡೂ ಕಡೆ ಇಲ್ಲ. 2025ರ ಬಜೆಟ್ ಆದಮೇಲೆ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಈಗ ನೋಡಿ. ಪತ್ರದ ಮೊದಲ ಪುಟದಲ್ಲಿ 1.8 ಲಕ್ಷದ ವ್ಯತ್ಯಾಸ ಇತ್ತು, ಅಂದರೆ ತಿಂಗಳಿಗೆ 15,000. ಕೈಗೆ ಬರುವಾಗ ಅದು 6,400 ಆಯಿತು. ಪಿಜಿ ಬಾಡಿಗೆಯ ವ್ಯತ್ಯಾಸ 6,000. ಉಳಿದದ್ದು 400 ರೂಪಾಯಿ! ಬೆಂಗಳೂರಿನಲ್ಲಿ ಪಿಎಫ್ ಖಾತೆಗೆ ತಿಂಗಳಿಗೆ 900 ರೂಪಾಯಿ ಜಾಸ್ತಿ ಬೀಳುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ಆದರೂ ‘ಸಂಬಳ ಜಾಸ್ತಿ’ ಅನ್ನುವ ಯಜಮಾನರ ವಾದ ಇಲ್ಲಿಗೆ ಮುಗಿಯಿತು.

ಇನ್ನು ನೀವು ಓದಿದ ‘ಖರ್ಚು ಕಡಿಮೆ’ ವಿಚಾರ. ನಂಬಿಯೋ (Numbeo) ಥರದ ಜಾಲತಾಣಗಳಲ್ಲಿ ನ್ಯೂಯಾರ್ಕನ್ನು 100 ಅಂತಿಟ್ಟು ಬೇರೆ ಊರುಗಳಿಗೆ ಅಂಕ ಕೊಡುತ್ತಾರೆ. ಅಂಕಿಗಳನ್ನು ಹೆಚ್ಚಾಗಿ ಆ ಜಾಲತಾಣಕ್ಕೆ ಭೇಟಿ ಕೊಟ್ಟ ಜನರೇ ತುಂಬುತ್ತಾರೆ. ಆ ಪಟ್ಟಿಯಲ್ಲಿ ಕ್ಯಾಪುಚಿನೋ, ಬ್ರ್ಯಾಂಡೆಡ್ ಜೀನ್ಸ್, ಸಿನಿಮಾ ಟಿಕೆಟ್ ಎಲ್ಲ ಇರುತ್ತವೆ. ಮುಖ್ಯ ವಿಚಾರ ಏನೆಂದರೆ, ಜೀವನ ವೆಚ್ಚದ ಸೂಚ್ಯಂಕ ಅಂತ ಅವರು ಕೊಡುವ ಅಂಕಿಯಲ್ಲಿ ಮನೆ ಬಾಡಿಗೆ ಸೇರಿರುವುದೇ ಇಲ್ಲ. ಬಾಡಿಗೆಗೆ ಬೇರೆ ಸೂಚ್ಯಂಕ ಇದೆ. ನಿಮ್ಮ ಮಗಳಿಗೆ ಬಾಡಿಗೆಯೇ ಎಲ್ಲಕ್ಕಿಂತ ದೊಡ್ಡ ಖರ್ಚು, ಅಲ್ವಾ? ಹಾಗಾಗಿ ಆ ಅಂಕಿ ಇಟ್ಟುಕೊಂಡು ನಿಮಗೆ ಏನೂ ಆಗಬೇಕಾಗಿಲ್ಲ. ಬದುಕಿನ ಗುಣಮಟ್ಟದ ಪಟ್ಟಿಗಳೂ ಅಷ್ಟೇ. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ಸುಗಮ ಜೀವನ ಸೂಚ್ಯಂಕದಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ ಸಿಕ್ಕಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಆ ಸುದ್ದಿ ಓದಿದವರು ಏನಂದುಕೊಂಡರೋ!

ಹಾಲು, ತರಕಾರಿ, ಹೋಟೆಲ್ ಊಟದಲ್ಲಿ ಎರಡು ಊರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಂದಿನಿಗಿಂತ ಅಲ್ಲಿನ ಮಿಲ್ಮಾ ಹಾಲು ತುಟ್ಟಿ. ಮೀನು ಅಲ್ಲಿ ಅಗ್ಗ, ತಾಜಾ ಕೂಡ. ಪಿಜಿಯಲ್ಲಿರುವ ಹುಡುಗಿಗೆ ಇದರಲ್ಲಿ ಉಳಿಯುವುದೂ ಇಲ್ಲ, ಹೋಗುವುದೂ ಇಲ್ಲ.

ನಿಜವಾದ ಖರ್ಚು ಓಡಾಟದಲ್ಲಿ ಇದೆ. ದುಡ್ಡಿಗಿಂತ ಹೊತ್ತು ಜಾಸ್ತಿ ಹೋಗುತ್ತದೆ. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ. ಇದು ಸರಾಸರಿ ಅಷ್ಟೇ. ಮಳೆ ಬಂದ ಸಂಜೆಯ ಕತೆ ಬೇರೆ. ಆದರೆ ನಿಮ್ಮ ಮಗಳ ಅದೃಷ್ಟಕ್ಕೆ ಆಫೀಸು ವೈಟ್‌ಫೀಲ್ಡ್‌ನಲ್ಲಿದೆ. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಓಟಕ್ಕೆ ಹೋಗುತ್ತದೆ. ಹೂಡಿ, ಕೆ.ಆರ್.ಪುರ, ಬೈಯಪ್ಪನಹಳ್ಳಿ, ಯಾವುದಾದರೂ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಪಿಜಿ ಹಿಡಿಯಲಿ. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟನ್ನು 60ರಿಂದ 90 ರೂಪಾಯಿ ಮಾಡಿದರು, ಜನ ಬೈದದ್ದೂ ಸರಿಯೇ. ಆದರೆ ನಾಲ್ಕೈದು ಸ್ಟೇಷನ್ ಓಡಾಡುವವರಿಗೆ ಅಷ್ಟೇನೂ ಹೊರೆಯಲ್ಲ. ‘ಸಾವಿರ ಕಡಿಮೆ’ ಅಂತ ಸ್ಟೇಷನ್‌ನಿಂದ ದೂರದ ಪಿಜಿ ಹಿಡಿದರೆ ಆ ಸಾವಿರ ಆಟೋದವನಿಗೆ ಹೋಗುತ್ತದೆ. ದಿನಕ್ಕೆ ಒಂದು ಗಂಟೆಯೂ ಅದರ ಜೊತೆ ಹೋಗುತ್ತದೆ.

ಪಿಜಿ ನೋಡಲು ಹೋದಾಗ ನೀರಿನ ವಿಚಾರ ತಪ್ಪದೆ ಕೇಳಿ. ‘ಕಾವೇರಿ ಇದೆಯಾ, ಬೋರ್ ಮಾತ್ರವಾ, ಟ್ಯಾಂಕರಾ?’ ನಮ್ಮ ತಲಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ಆ ಊರಿಗೆ ಕುಡಿಸುತ್ತಾರೆ. ಆದರೂ 2024ರ ಬೇಸಿಗೆಯಲ್ಲಿ ಹೊರವಲಯದ ಬಡಾವಣೆಗಳು ಟ್ಯಾಂಕರ್‌ಗೆ ಕಾದು ಕೂತಿದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ವ್ಯವಸ್ಥೆ ಆಗಿದೆ. ಎಲ್ಲ ಕಟ್ಟಡಗಳಿಗೂ ಕನೆಕ್ಷನ್ ಸಿಕ್ಕಿದೆ ಅಂತ ಅದರ ಅರ್ಥವಲ್ಲ. ಕೊಡಗಿನ ಹುಡುಗಿ ಕಾವೇರಿ ನೀರಿಗೆ ಕ್ಯೂ ನಿಲ್ಲುವುದು ಬೇಡ.

ತಿರುವನಂತಪುರದಲ್ಲಿ ಓಡಾಟ ಹಗುರ. 1990ರಲ್ಲೇ ಶುರುವಾದ ಟೆಕ್ನೋಪಾರ್ಕ್ ಊರಿನ ನಡುವೆ ಇಲ್ಲ, ಕಳಕ್ಕೂಟ್ಟಂನಲ್ಲಿದೆ. ಪಿಜಿಗಳೂ ಅದರ ಸುತ್ತಲೇ ಇವೆ. ಬೆಳಗ್ಗೆ ನಡೆದೇ ಹೋಗಬಹುದು. ಸಂಜೆ ಬೆಳಕಿರುವಾಗಲೇ ರೂಮಿಗೆ ಬಂದು ಸ್ನಾನ ಮಾಡಿ ಓದಿಕೊಳ್ಳುವಷ್ಟು ಹೊತ್ತು ಸಿಗುತ್ತದೆ. ನೆಮ್ಮದಿ ಅಂತ ಜನ ಹೇಳುವುದು ಇದನ್ನೇ, ಅದು ಸುಳ್ಳಲ್ಲ. ಆದರೆ ಸೆಖೆ ಇದೆ. ನಮ್ಮವರಿಗೆ ಮಳೆ ಹೊಸದಲ್ಲ, ಮಳೆ ನಿಂತ ಹತ್ತು ನಿಮಿಷಕ್ಕೆ ಬೆವರು ಹರಿಯುವುದು ಹೊಸದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ತಿರುವನಂತಪುರ ಸಮುದ್ರದ ಪಕ್ಕದಲ್ಲೇ. ಎಸಿ ರೂಮು ಬೇಕು ಅಂದರೆ ಆ 8,000ಕ್ಕೆ ಇನ್ನಷ್ಟು ಸೇರಿಸಿ. ಭಾಷೆಯ ಬಗ್ಗೆ ನನಗೆ ಚಿಂತೆ ಇಲ್ಲ. ವಿರಾಜಪೇಟೆ ಸಂತೆಯಲ್ಲಿ ಬೆಳೆದವಳಿಗೆ ಮಲಯಾಳ ಅಷ್ಟಿಷ್ಟು ಬಂದೇ ಬರುತ್ತದೆ.

ಮನೆಗೆ ಬಂದುಹೋಗುವ ಖರ್ಚನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳು, ಮೇ ತಿಂಗಳ ಮದುವೆಗಳು. ಏನೂ ಇಲ್ಲದಿದ್ದರೂ ಎರಡು ತಿಂಗಳಿಗೊಮ್ಮೆ ಬರುತ್ತಾಳೆ. ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ವಿರಾಜಪೇಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಮಾತ್ರ ಕೊಡಬೇಕು. ಊರೊಳಗಿನ ಬಿಎಂಟಿಸಿ ಸಾದಾ ಬಸ್ಸೂ ಉಚಿತವೇ. ತಿರುವನಂತಪುರದಿಂದ ಬರುವುದಾದರೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಕಣ್ಣೂರಿನಲ್ಲಿ ಇಳಿಯಬೇಕು. ಅಲ್ಲಿಂದ ಇರಿಟ್ಟಿ, ಕೂಟುಪುಳ, ಮಾಕುಟ್ಟ ಅಂತ ಘಾಟಿ ಹತ್ತಬೇಕು. 2023ರ ಏಪ್ರಿಲ್‌ನಿಂದ ವಂದೇ ಭಾರತ್ ಇದೆ, ಬೇಗ ತಲುಪಬಹುದು, ಟಿಕೆಟ್ ಮಾತ್ರ ದುಬಾರಿ. ಮಳೆಗಾಲದಲ್ಲಿ ಮಾಕುಟ್ಟ ರಸ್ತೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2018ರ ಜೂನ್‌ನಲ್ಲಿ ಗುಡ್ಡ ಜರಿದು ದಾರಿಯೇ ಬಂದ್ ಆಗಿತ್ತು. ಶುಕ್ರವಾರ ಹೊರಟು ಭಾನುವಾರ ವಾಪಸ್ ಹೋಗುವುದು ಬೆಂಗಳೂರಿನಿಂದ ಆಗುತ್ತದೆ. ಅಲ್ಲಿಂದ ಬರಬೇಕಾದರೆ ರಜೆ ಹಾಕಲೇಬೇಕು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತಾದರೆ ನಾವು ಓಡುವುದು ಮೈಸೂರಿಗೆ. ಅಲ್ಲಿಗೆ ಮಗಳು ಬೆಂಗಳೂರಿನಿಂದಾದರೆ ಮೂರ್ನಾಲ್ಕು ಗಂಟೆಯಲ್ಲಿ ಬಂದು ನಿಲ್ಲುತ್ತಾಳೆ.

ಹಾಗಾದರೆ ನನ್ನ ಸಲಹೆ ಬೆಂಗಳೂರು. ಆದರೆ ಸಂಬಳಕ್ಕಾಗಿ ಅಲ್ಲ. ಮನೆ ಹತ್ತಿರ ಅಂತ ಒಂದು ಕಾರಣ. ಟೆಸ್ಟಿಂಗ್ ಕೆಲಸದವರಿಗೆ ಎರಡು ವರ್ಷದ ನಂತರ ಬೇರೆ ಕಂಪನಿ ಹುಡುಕುವಾಗ ಅದೇ ಪಿಜಿಯಲ್ಲಿದ್ದುಕೊಂಡೇ ಹುಡುಕಬಹುದು ಅನ್ನುವುದು ಇನ್ನೊಂದು. ಟೆಕ್ನೋಪಾರ್ಕ್‌ನಲ್ಲೂ ಕಂಪನಿಗಳಿವೆ, ಆದರೆ ಆಯ್ಕೆ ಕಡಿಮೆ. ಮುಂದೆ ಸಂಬಳ ಏರುವುದು ಕಂಪನಿ ಬದಲಿಸಿದಾಗಲೇ ತಾನೆ?

ಪಿಜಿಯಲ್ಲೇ ಇರಬೇಕು, ಇದು ನನ್ನ ಷರತ್ತು. ಒಬ್ಬಳೇ ಮನೆ ಮಾಡುತ್ತೇನೆ ಅಂದರೆ ಲೆಕ್ಕ ತಲೆಕೆಳಗಾಗುತ್ತದೆ. 24,000ಕ್ಕೂ 11,000ಕ್ಕೂ 13,000 ವ್ಯತ್ಯಾಸ. ಕೈಗೆ ಬರುವ ಹೆಚ್ಚುವರಿ 6,400 ಅಷ್ಟೇ. ಪ್ರತಿ ತಿಂಗಳು 6,600 ಹಿಂದೆ ಬೀಳುತ್ತಾಳೆ. ಜೊತೆಗೆ ಅಡ್ವಾನ್ಸ್. ಐದಾರು ತಿಂಗಳ ಬಾಡಿಗೆ ಕೇಳುವುದು ಬೆಂಗಳೂರಿನಲ್ಲಿ ಮಾಮೂಲಿ, ಹತ್ತು ತಿಂಗಳು ಕೇಳುವವರೂ ಇದ್ದಾರೆ. ಆರು ತಿಂಗಳು ಅಂದರೂ 1.44 ಲಕ್ಷ ಬಡ್ಡಿಯಿಲ್ಲದೆ ಮಾಲೀಕರ ಹತ್ತಿರ ಕೂತಿರುತ್ತದೆ. ಬಿಡುವಾಗ ‘ಪೇಂಟಿಂಗ್’ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ನೀವು ಮೆಣಸು ಮಾರಿ ಅಡ್ವಾನ್ಸ್ ಕಟ್ಟುವ ಪರಿಸ್ಥಿತಿ ಬರುವುದಾದರೆ ತಿರುವನಂತಪುರಕ್ಕೇ ಹೋಗಲಿ, ಅಲ್ಲಿ ಮನೆ ಮಾಡಿಕೊಂಡು ಚೆನ್ನಾಗಿರಲಿ. ಸ್ನೇಹಿತೆಯರು ಇಬ್ಬರು ಮೂವರು ಸೇರಿ ಬೆಂಗಳೂರಿನಲ್ಲಿ ಮನೆ ಹಿಡಿದರೆ ಮಾತು ಬೇರೆ. ಆಗ ಗೃಹಜ್ಯೋತಿಗೆ ಅರ್ಜಿ ಹಾಕಿ, ಬಾಡಿಗೆದಾರರಿಗೂ ಅದು ಸಿಗುತ್ತದೆ.

ಒಪ್ಪಿಗೆ ಕೊಡುವ ಮೊದಲು ಮಗಳು ಬೆಂಗಳೂರಿನ ಎಚ್‌ಆರ್‌ಗೆ ಎರಡು ಪ್ರಶ್ನೆ ಮೇಲ್‌ನಲ್ಲೇ ಕೇಳಲಿ, ಫೋನಿನಲ್ಲಿ ಬೇಡ. ವೇರಿಯಬಲ್‌ನಲ್ಲಿ ಸ್ವಲ್ಪವಾದರೂ ಫಿಕ್ಸೆಡ್‌ಗೆ ಹಾಕುತ್ತೀರಾ ಅನ್ನುವುದು ಮೊದಲನೆಯದು. ಕೈಯಲ್ಲಿ ಇನ್ನೊಂದು ಆಫರ್ ಇರುವಾಗ ಕೇಳಲು ನಾಚಿಕೆ ಬೇಡ. ಎರಡನೆಯದು ಆಫೀಸಿನ ಜಾಗ. ಪತ್ರದ ಆರನೇ ಕಲಮಿನಲ್ಲಿ ‘ಕಂಪನಿ ಹೇಳಿದ ಕಡೆ ಕೆಲಸ ಮಾಡಬೇಕು’ ಅಂತಿದೆ. ನಾಳೆ ಮೆಟ್ರೋ ಇಲ್ಲದ ಔಟರ್ ರಿಂಗ್ ರೋಡಿನ ಆಫೀಸಿಗೆ ಹಾಕಿದರೆ ನಾನು ಮೇಲೆ ಹೇಳಿದ್ದರಲ್ಲಿ ಅರ್ಧ ಸುಳ್ಳಾಗುತ್ತದೆ.

ಪ್ರಶ್ನೆ: ಮಗ ಯುಪಿಎಸ್‌ಸಿ ತಯಾರಿಗೆ ದೆಹಲಿಗೇ ಹೋಗಬೇಕು ಅಂತ ಹಟ ಮಾಡುತ್ತಿದ್ದಾನೆ. ಬೆಂಗಳೂರಿನಲ್ಲಿ ಓದಿದರೆ ಆಗುವುದಿಲ್ಲವೇ? ಅವನಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. — ಕುಶಾಲನಗರದ ಓದುಗರು

ಉತ್ತರ: ಉಬ್ಬಸ ಇದೆ ಅಂತ ಬರೆದಿದ್ದೀರಿ, ನನಗೆ ಅಷ್ಟು ಸಾಕು. ದೆಹಲಿಯ ಗಾಳಿ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಗಟ್ಟಿಮುಟ್ಟಾದವರಿಗೇ ಕಷ್ಟ. ಕೊಡಗಿನ ಗಾಳಿ ಕುಡಿದು ಬೆಳೆದ, ಅದರಲ್ಲೂ ಉಬ್ಬಸ ಇರುವ ಹುಡುಗನನ್ನು ವರ್ಷಗಟ್ಟಲೆ ಅಲ್ಲಿ ಇಡುವುದು ಬೇಡ. ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆ ಕಡೆ ಕೋಚಿಂಗ್, ಲೈಬ್ರರಿ, ಅಗ್ಗದ ಮೆಸ್ಸು ಎಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ. ದೆಹಲಿಯ ಪಾಠಗಳು ಈಗ ಆನ್‌ಲೈನ್‌ನಲ್ಲೂ ಬರುತ್ತವೆ. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ಬೆಂಗಳೂರಿನಲ್ಲೇ ಬರೆಯಬಹುದು. ಸಂದರ್ಶನ ಮಾತ್ರ ದೆಹಲಿಯಲ್ಲಿ. ಮೇನ್ಸ್ ಪಾಸಾದ ಮೇಲೆ ಒಂದು ತಿಂಗಳು ಅಲ್ಲಿಗೆ ಹೋಗಿ ಅಣಕು ಸಂದರ್ಶನ ಕೊಟ್ಟು ಬರಲಿ, ಆ ಖರ್ಚು ದಂಡವಲ್ಲ.

ಹೋಗಿಯೇ ಹೋಗುತ್ತೇನೆ ಅಂದರೆ ಒಂದು ಮಾತು. ಓಲ್ಡ್ ರಾಜೇಂದ್ರ ನಗರದಲ್ಲಿ 2024ರ ಜುಲೈನಲ್ಲಿ ನೆಲಮಾಳಿಗೆಯ ಲೈಬ್ರರಿಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ರೂಮಾಗಲಿ, ಲೈಬ್ರರಿಯಾಗಲಿ, ಬೇಸ್‌ಮೆಂಟ್‌ನಲ್ಲಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಫೀಸನ್ನೂ ವರ್ಷದ್ದು ಒಟ್ಟಿಗೆ ಕಟ್ಟಬೇಡಿ, ಕಂತು ಕೇಳಿ. ನವೆಂಬರ್‌ನಲ್ಲಿ ಅವನು ಕೆಮ್ಮುತ್ತಾ ವಾಪಸ್ ಬಂದರೆ ಅರ್ಧ ದುಡ್ಡಾದರೂ ನಿಮ್ಮ ಹತ್ತಿರ ಇರುತ್ತದೆ.