ವೈಟ್ನರ್ ಹಚ್ಚಿದ ಹೆಸರು

ಚರ್ಚಿನ ಜನ ಮನಸ್ಸಿನ ಭಾರ ಹೇಳಿಕೊಂಡು ನನ್ನ ಹತ್ತಿರ ಬರುವುದು ಇದು ಮೊದಲಲ್ಲ. ನಿದ್ದೆ ಬರಲ್ಲ, ಎದೆ ಭಾರ, ಆರಾಧನೆಯಲ್ಲಿ ಕೂತರೂ ಮನಸ್ಸು ನಿಲ್ಲಲ್ಲ ಅಂತ ಬರುತ್ತಾರೆ. ಡಾಕ್ಟರ್ ಎಲ್ಲ ನೋಡಿ ಏನೂ ಇಲ್ಲ ಅಂದಿರುತ್ತಾರೆ. ಎರಡು ಮೂರು ಸಲ ಮಾತಾಡಿದ ಮೇಲೆ ಗೊತ್ತಾಗುತ್ತದೆ, ಗಂಟು ಇರುವುದು ಪ್ರಾರ್ಥನೆಯಲ್ಲಿ. ದೇವರ ಮುಂದೆ ಒಳ್ಳೆಯವರಾಗಿ ಕಾಣಿಸಿಕೊಂಡು ಕಾಣಿಸಿಕೊಂಡು ಸುಸ್ತಾಗಿರುತ್ತಾರೆ. ಅದಕ್ಕೇ ಈ ಒಬ್ಬರ ಕಥೆ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಲೀಲಾ ಅಂತ ಇಟ್ಟುಕೊಳ್ಳೋಣ.

ಲೀಲಾ ಪ್ರೈಮರಿ ಶಾಲೆ ಟೀಚರ್, ವಯಸ್ಸು ಐವತ್ತರ ಹತ್ತಿರ. ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕೆಂದು ಭಾಷೆ ಕಲಿಯುತ್ತಿದ್ದಳು. ಅಲ್ಲಿ ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು ಜರ್ಮನ್ ಕೇಳುತ್ತಾರೆ. ಈ ಹುಡುಗಿ ಓದುವುದು, ಬರೆಯುವುದು ಎಲ್ಲ ಮಾಡಿ, ಎದುರು ಕೂತು ಮಾತಾಡುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಅದೇ ಕಾಂಪೌಂಡಿನಲ್ಲಿರುವ ವಾರಗಿತ್ತಿಯ ಮಗಳು ಮೊದಲ ಸಲಕ್ಕೇ ಪಾಸಾಗಿ ವಿಮಾನ ಹತ್ತಿದಳು. ವಾರಗಿತ್ತಿ ಚರ್ಚಿನ ಮಹಿಳಾ ಕೂಟದಲ್ಲಿ ಸಾಕ್ಷಿ ಹೇಳಿದರು, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಿಕೊಂಡರು. ಆಮೇಲೆ ಸ್ತೋತ್ರ ಪ್ರಾರ್ಥನೆಗೆ ಲೀಲಾ ಅವರನ್ನೇ ಎಬ್ಬಿಸಿದರು, ಯಾಕೆಂದರೆ ಆ ಸಭೆಯಲ್ಲಿ ಪ್ರಾರ್ಥನೆ ಅಂದರೆ ಲೀಲಾ. ಎದ್ದು ನಿಂತು ಮಾಡಿದರು, ಚೆನ್ನಾಗಿಯೇ ಮಾಡಿದರು. ನಿದ್ದೆ ಹೋಗಿದ್ದು ಆ ರಾತ್ರಿಯಿಂದ.

ಮೂರನೇ ಸಲ ಬಂದಾಗ ಅವರ ಪ್ರಾರ್ಥನೆ ನೋಟ್‌ಬುಕ್ ತರಲು ಹೇಳಿದ್ದೆ. ನೂರು ಪುಟದ ಮಾಮೂಲಿ ನೋಟ್‌ಬುಕ್. ಟೀಚರ್ ಅಲ್ವಾ, ಅಕ್ಷರ ಮುತ್ತಿನ ಹಾಗೆ. ಎಡಗಡೆ ತಾರೀಖು, ಮಧ್ಯೆ ಬೇಡಿಕೆ, ಉತ್ತರ ಸಿಕ್ಕಿದ್ದಕ್ಕೆ ಕೆಂಪು ಪೆನ್ನಿನಲ್ಲಿ ಟಿಕ್. ಗಂಡನ ಪಿಎಫ್, ಮಗಳ ಪರೀಕ್ಷೆ, ಮಗನ ಬೈಕ್ ಸಾಲ, ತನ್ನ ಮಂಡಿ ನೋವು. ಒಂದು ಪುಟದಲ್ಲಿ ಮಾತ್ರ ಒಂದು ಸಾಲಿನ ಮೇಲೆ ದಪ್ಪಗೆ ವೈಟ್ನರ್ ಬಳಿದಿತ್ತು. ನಾನು ಸುಮ್ನೆ ಪುಟ ತಿರುಗಿಸಿದೆ. ಬಾಲ್‌ಪೆನ್ ಒತ್ತಿ ಬರೆದಿದ್ದರಿಂದ ಹಿಂದುಗಡೆ ಅಕ್ಷರಗಳು ಉಬ್ಬಿಕೊಂಡಿದ್ದವು. ಅದೊಂದು ಹುಡುಗಿಯ ಹೆಸರು, ಪಕ್ಕದಲ್ಲಿ 'ಪರೀಕ್ಷೆ' ಅಂತ.

ನನ್ನ ಬೆರಳು ಅಲ್ಲಿ ನಿಂತಿದ್ದನ್ನು ಅವರು ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

"ವಾರಗಿತ್ತಿ ಮಗಳು ಅಕ್ಕಾ. ನಾನೇ ಎತ್ತಿ ಆಡಿಸಿದ ಮಗು. ಅವಳು ಫೇಲ್ ಆಗಲಿ ಅಂತ ನಾನು ಯಾವತ್ತೂ ಕೇಳಲಿಲ್ಲ. ಪಾಸ್ ಆಗಲಿ ಅಂತ ಕೇಳೋದನ್ನ ನಿಲ್ಲಿಸಿದೆ ಅಷ್ಟೇ." ಸ್ವಲ್ಪ ತಡೆದು ಅಂದರು, "ಅದೂ ಕೇಳಿದ ಹಾಗೇ ಅಲ್ವಾ?"

ಇಷ್ಟು ವರ್ಷದಲ್ಲಿ ಪ್ರಾರ್ಥನೆ ಬಗ್ಗೆ ನಾನು ಕೇಳಿದ ಅತಿ ಪ್ರಾಮಾಣಿಕ ಮಾತು ಅದು. ಹೌದು ಅಂದೆ. ಇದನ್ನು ಕರ್ತನಿಗೆ ಹೇಳಿದ್ದೀರಾ ಅಂತ ಕೇಳಿದೆ. ಗಾಬರಿಯಾದರು. "ಛೇ, ಇಂಥದ್ದನ್ನ ಹೇಗೆ ಹೇಳೋದು? ದೇವರ ಹತ್ತಿರ ಹೋಗುವಾಗ ಮನಸ್ಸು ಚೊಕ್ಕ ಮಾಡಿಕೊಂಡು ಹೋಗಬೇಕಲ್ಲ."

"ಚೊಕ್ಕ ಮಾಡೋರು ಯಾರು, ನೀವಾ?" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ ಅನಿಸುತ್ತದೆ. ಅವರು ಅತ್ತರು. ಅಳಲಿ ಅಂತ ಬಿಟ್ಟೆ.

ಆಮೇಲೆ ಇಬ್ಬರೂ ಕೂತು ಬೈಬಲಿನ 73ನೇ ಕೀರ್ತನೆ ಓದಿದೆವು. ಅದರ ಮೇಲಿರುವ ಹೆಸರು ಆಸಾಫನದು. ಅವನು ದಾವೀದನ ಕಾಲದಲ್ಲಿ ಆರಾಧನೆಯ ಹಾಡು ನಡೆಸಿದವನು. ಅಂದರೆ ಲೀಲಾ ಥರದವನೇ, ಎಲ್ಲರ ಮುಂದೆ ನಿಲ್ಲುವವನು. ಅಂಥವನು ಮೂರನೇ ವಚನದಲ್ಲೇ ನನಗೆ ಹೊಟ್ಟೆಕಿಚ್ಚಾಯಿತು ಅನ್ನುತ್ತಾನೆ. ಮುಂದೆ ಹೋಗಿ, ನಿನ್ನ ಮುಂದೆ ನಾನು ಪಶುವಿನ ಹಾಗಿದ್ದೆ ಅನ್ನುತ್ತಾನೆ. ದೇವರು ಅವನನ್ನು ಆಚೆ ಹಾಕಲಿಲ್ಲ. ಮರು ವಚನದಲ್ಲೇ ನೀನು ನನ್ನ ಬಲಗೈ ಹಿಡಿದಿದ್ದೀ ಅಂತಿದೆ. ಲೀಲಾ ಆ ಎರಡು ವಚನದ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದಿದರು.

ನಾನು ಕೊಟ್ಟ ಸಲಹೆ ಇಷ್ಟು. ಒಂದು ತಿಂಗಳು ಯಾರು ಕೇಳಿದರೂ ಸಭೆಯಲ್ಲಿ ಎದ್ದು ಪ್ರಾರ್ಥನೆ ಮಾಡಬೇಡಿ, ಗಂಟಲು ಸರಿಯಿಲ್ಲ ಅಂತ ಸುಳ್ಳೂ ಹೇಳಬೇಡಿ, ಈಗ ಬೇಡ ಅನ್ನಿ ಸಾಕು. ರಾತ್ರಿ ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ, ಆ ದಿನ ಮನಸ್ಸು ನಿಜವಾಗಿ ಏನು ಬಯಸಿತೋ ಅದನ್ನು, ಎಷ್ಟೇ ಕೆಟ್ಟದಾಗಿದ್ದರೂ. ಟಿಕ್ ಬೇಡ. ನಿನ್ನ ಚಿತ್ತದಂತೆ ಆಗಲಿ ಅಂತ ಅವಸರದಲ್ಲಿ ಸೇರಿಸಬೇಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ಕೇಳಿದ್ದು ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಅಂತ. ನಿನ್ನ ಚಿತ್ತದಂತೆ ಅನ್ನುವುದು ಆಮೇಲೆ ಬಂತು. ನಾವು ಮೊದಲನೆಯದನ್ನು ನುಂಗಿಕೊಂಡು ಎರಡನೆಯದನ್ನು ಮಾತ್ರ ಬಾಯಿಪಾಠ ಮಾಡಿದ್ದೇವೆ.

ಇನ್ನೊಂದು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ 'ನನಗೆ' ಅನ್ನುವ ಮಾತೇ ಇಲ್ಲ, ಎಲ್ಲ 'ನಮಗೆ'. ನಮ್ಮ ಅನುದಿನದ ಆಹಾರ ಅನ್ನುವಾಗ ಒಂದು ಕ್ಷಣ ನಿಂತು ಕಾಂಪೌಂಡಿನ ಎರಡೂ ಮನೆಯವರನ್ನು ಹೆಸರು ಹಿಡಿದು ಎಣಿಸಿ ಅಂದೆ. ಪ್ರೀತಿ ಬರದಿದ್ದರೂ ಪರವಾಗಿಲ್ಲ, ಎಣಿಸಿ.

ಅವರು ಅಲ್ಲಿಂದ ನೇರ ಹೋಗಿ ವಾರಗಿತ್ತಿಯ ಹತ್ತಿರ ಎಲ್ಲ ಹೇಳಿ ಕ್ಷಮೆ ಕೇಳುತ್ತೇನೆ ಅಂದರು. ಬೇಡ ಅಂದೆ. ಇದನ್ನು ಲೀಲಾ ಅವರಿಂದ ಕೇಳಿದ ಸಭೆಯ ಒಬ್ಬ ಹಿರಿಯರು ನನಗೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಅಂತ ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ ಇಲ್ಲವಾ, ಕೆಟ್ಟದ್ದನ್ನೆಲ್ಲ ದೇವರ ಮುಂದೆ ಸುರಿಯಲು ಕಲಿಸಿ ಮನುಷ್ಯರ ಮುಂದೆ ಮುಚ್ಚಿಡಲು ಹೇಳುವುದು ಎಂಥ ಸಲಹೆ ಅಂತ ಕೇಳಿದರು. ಅವರ ಮೇಲೆ ನನಗೆ ಗೌರವ ಇದೆ. ಆದರೂ ನನ್ನ ಮಾತು ಬದಲಾಗಿಲ್ಲ. ಅರಿಕೆ ಮಾಡಲೇಬೇಕು, ಲೀಲಾ ನನ್ನ ಮುಂದೆ ಮಾಡಿದರು. ಆದರೆ ಏನೂ ಗೊತ್ತಿಲ್ಲದ ಆ ತಾಯಿಗೆ ಹೋಗಿ, ನಿನ್ನ ಮಗಳ ಹೆಸರು ಅಳಿಸಿದ್ದೆ ಅಂದರೆ ಯಾರ ಎದೆ ಹಗುರ ಆಗುತ್ತದೆ, ಯಾರ ಎದೆಯಲ್ಲಿ ಕಲ್ಲು ಬೀಳುತ್ತದೆ? ಅದೂ ಸ್ವಾರ್ಥವೇ, ಪಶ್ಚಾತ್ತಾಪದ ಬಟ್ಟೆ ಹಾಕಿಕೊಂಡು ಬಂದಿರುತ್ತದೆ ಅಷ್ಟೇ. ಆಸಾಫನೂ ತನ್ನ ಹೊಟ್ಟೆಕಿಚ್ಚನ್ನು ಆಗಲೇ ಎಲ್ಲರ ಮುಂದೆ ಆಡಿದ್ದರೆ ನಿನ್ನ ಮಕ್ಕಳಿಗೆ ದ್ರೋಹ ಮಾಡಿದಂತಾಗುತ್ತಿತ್ತು ಅಂತ 15ನೇ ವಚನದಲ್ಲಿ ಹೇಳುತ್ತಾನೆ. ಮೊದಲು ದೇವಾಲಯಕ್ಕೆ ಹೋದ. ಹಾಡು ಆಮೇಲೆ ಆಯಿತು. ಲೀಲಾ ಅವರಿಗೂ ಒಂದು ದಿನ ವಾರಗಿತ್ತಿಯ ಹತ್ತಿರ ಹೇಳುವ ಹೊತ್ತು ಬರಬಹುದು. ಅವತ್ತು ಅಲ್ಲ.

ಸ್ವಂತಕ್ಕೆ ಕೇಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಬೈಬಲಿನ ಹನ್ನಳು ತನಗೆ ಮಗು ಬೇಕೆಂದು ಅತ್ತು ಕೇಳಿದಳು. ಮಗಳ ಪರೀಕ್ಷೆಗೆ ಅಮ್ಮ ಕೇಳದೆ ಇನ್ಯಾರು ಕೇಳುತ್ತಾರೆ? ಸ್ವಾರ್ಥ ಶುರುವಾಗುವುದು ನಮ್ಮ ಹೆಸರು ಬರೆದಾಗ ಅಲ್ಲ, ಇನ್ನೊಬ್ಬರ ಹೆಸರು ಅಳಿಸಿದಾಗ. ಅದನ್ನು ಬೈದು ಬಿಡಿಸಲು ಆಗಲ್ಲ. ಬೈದರೆ ಜನ ಇನ್ನೂ ಚಂದವಾಗಿ ಪ್ರಾರ್ಥನೆ ಮಾಡಲು ಕಲಿಯುತ್ತಾರೆ, ಅಷ್ಟೇ.

ಆರು ವಾರ ಬಿಟ್ಟು ಲೀಲಾ ಮತ್ತೆ ಬಂದರು. ನಿದ್ದೆ ಸ್ವಲ್ಪ ಪರವಾಗಿಲ್ಲ, ಪೂರ್ತಿ ಸರಿಹೋಗಿಲ್ಲ. ಮಗಳು ಮೂರನೇ ಸಲ ಪರೀಕ್ಷೆಗೆ ಕಟ್ಟಿದ್ದಾಳೆ. ನೋಟ್‌ಬುಕ್ ತಾವೇ ತೆಗೆದು ತೋರಿಸಿದರು. ಮೊದಲ ವಾರದ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯದನ್ನು ಬರೆಯಬಹುದು ಅಂತ ಅವರೇ ಹೇಳಿದರು. ಅಕ್ಷರ ಈ ಸಲ ಅಷ್ಟು ನೀಟಾಗಿರಲಿಲ್ಲ.

"ಇವತ್ತು ಅವಳ ಫೋಟೋ ಕಳಿಸಿದ್ದರು. ಹೊಸ ಕೋಟು ಹಾಕಿಕೊಂಡು ನಿಂತಿದ್ದಾಳೆ. ಹೊಟ್ಟೆ ಉರೀತು ಕರ್ತನೇ. ಮುಖ ಸೊರಗಿದೆ. ಅಲ್ಲಿ ಚಳಿ ಜಾಸ್ತಿ ಇರಬೇಕು, ಅವಳನ್ನ ನೋಡಿಕೋ."