ಆನ್‌ಲೈನ್ ಸರ್ಕಾರಕ್ಕೆ ಮಾರ್ಕ್ಸ್ ಹಾಕೋರು ಯಾರು?

ಪ್ರಶ್ನೆ: ಸರ್, ಸರ್ಕಾರಿ ಸೇವೆ ಎಲ್ಲಾ ಆನ್‌ಲೈನ್ ಆಗಿದೆ, ದೇಶದ ರ‍್ಯಾಂಕ್ ಏರಿದೆ ಅಂತ ಪೇಪರಲ್ಲಿ ಓದ್ದೆ. ನಮ್ಮತ್ತೆ ವಿಧವಾ ವೇತನದ ಅರ್ಜಿ ಕೊಡೋಕೆ ಮೂರು ಸಲ ಹೋಗಿದ್ರು, ಮೂರು ಸಲನೂ ಸರ್ವರ್ ಇಲ್ಲ ಅಂತ ವಾಪಸ್ ಕಳ್ಸಿದ್ರು. ಈ ರ‍್ಯಾಂಕ್ ಕೊಡೋರು ಏನ್ ನೋಡಿ ಕೊಡ್ತಾರೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದ್ಲು ಆ ರ‍್ಯಾಂಕ್ ವಿಷ್ಯ ಹೇಳ್ಬಿಡ್ತೀನಿ. ವಿಶ್ವಸಂಸ್ಥೆ ಎರಡು ವರ್ಷಕ್ಕೊಮ್ಮೆ 193 ದೇಶಗಳ ಇ-ಆಡಳಿತ ಸರ್ವೆ ಮಾಡುತ್ತೆ, 2024ರಲ್ಲಿ ಡೆನ್ಮಾರ್ಕ್ ಮೊದಲನೇದು, ಎಸ್ಟೋನಿಯಾ ಎರಡನೇದು, ನಾವು 2022ರಲ್ಲಿ 105ನೇ ಜಾಗದಲ್ಲಿದ್ದೋರು 97ಕ್ಕೆ ಬಂದ್ವಿ. ಅವ್ರು ನೋಡೋದು ವೆಬ್‌ಸೈಟಲ್ಲಿ ಏನೇನು ಸೇವೆ ಸಿಗುತ್ತೆ, ಜನಕ್ಕೆ ಮೊಬೈಲು ಇಂಟರ್ನೆಟ್ಟು ಎಷ್ಟಿದೆ, ಓದು ಬರಹ ಎಷ್ಟಿದೆ ಅನ್ನೋದನ್ನ. ನಿಮ್ಮತ್ತೆ ಬಿಸಿಲಲ್ಲಿ ಮೂರು ಸಲ ಬಸ್ ಹತ್ತಿ ಬಂದಿದ್ದು ಅದ್ರಲ್ಲಿ ಎಲ್ಲೂ ಬರಲ್ಲ, ನನಗೆ ನಿಜವಾಗ್ಲೂ ಸಂಕಟ ಆಗೋದು ಇಲ್ಲೇ.

ನಮ್ಮ ರಾಜ್ಯದಲ್ಲಿ ಇದಕ್ಕಿಂತ ಹತ್ತಿರದ ಒಂದು ಅಳತೆ ಇದೆ, ಸಕಾಲ. 2011ರ ಕಾಯ್ದೆ, 2012ರಿಂದ ಜಾರಿ. ಅರ್ಜಿ ಕೊಟ್ರೆ ಒಂದು ನಂಬರ್ ಕೊಡ್ತಾರೆ, ಆ ಸೇವೆಗೆ ಇಷ್ಟು ದಿನ ಅಂತ ಗಡುವು ಇರುತ್ತೆ, ಮೀರಿದ್ರೆ ದಿನಕ್ಕೆ 20 ರೂಪಾಯಿ ಹಾಗೆ 500ರ ತನಕ ಪರಿಹಾರ ಕೇಳ್ಬಹುದು. ಒಳ್ಳೇ ವ್ಯವಸ್ಥೆನೇ, ಇದು ಬಂದಿದ್ದು ಬಹಳ ದೊಡ್ಡ ವಿಷ್ಯ ಅಂತ ನಾನು ನಂಬ್ತೀನಿ. ಆದ್ರೆ ದಿನ ಎಣಿಸೋಕೆ ಶುರುವಾಗೋದೇ ನಂಬರ್ ಬಿದ್ದ ಮೇಲೆ. ಸರ್ವರ್ ಇಲ್ಲ ನಾಳೆ ಬನ್ನಿ ಅಂದ್ರೆ ಆ ಅರ್ಜಿ ಲೆಕ್ಕಕ್ಕೇ ಇಲ್ಲ, ತಡವೂ ಇಲ್ಲ, ಪರಿಹಾರವೂ ಇಲ್ಲ. ಇನ್ನೊಂದು, ಹಿಂಬರಹ ಕೊಟ್ಟು ಅರ್ಜಿ ತಿರಸ್ಕಾರ ಮಾಡಿದ್ರೂ ಅದು ವಿಲೇವಾರಿ ಆದ ಹಾಗೇನೇ, ಹಾಗಾಗಿ ಎಷ್ಟು ವಿಲೇವಾರಿ ಅಂತ ಕೇಳೋದ್ರ ಜೊತೆಗೆ ಎಷ್ಟು ತಿರಸ್ಕಾರ, ಯಾಕೆ ಅಂತನೂ ಕೇಳ್ಬೇಕು.

ಮುಂದಿನ ಸಲ ಅತ್ತೆ ಜೊತೆ ನೀವೂ ಹೋಗಿ. ಅರ್ಜಿಯ ಎರಡು ಪ್ರತಿ ಇಟ್ಕೊಳ್ಳಿ, ಒಂದು ಕೊಟ್ಟು ಇನ್ನೊಂದ್ರ ಮೇಲೆ ತಾರೀಕು ಸಮೇತ ಸೀಲ್ ಕೇಳಿ, ಸಕಾಲ ನಂಬರ್ ಇಲ್ದೆ ಎದ್ದು ಬರ್ಬೇಡಿ. ಗಡುವು ಮೀರಿದ್ರೂ, ತಿರಸ್ಕಾರ ಆದ್ರೂ ಅದೇ ನಂಬರ್ ಇಟ್ಕೊಂಡು ಮೇಲ್ಮನವಿ ಹಾಕ್ಬಹುದು.

ಪ್ರಶ್ನೆ: ಎಸ್ಟೋನಿಯಾ ಅಷ್ಟು ಮುಂದೆ ಇರೋದು ಹೇಗೆ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಅವರು 2001ರಲ್ಲೇ ಎಕ್ಸ್-ರೋಡ್ ಅಂತ ಮಾಡಿ ಇಲಾಖೆಗಳ ಡೇಟಾ ಒಂದಕ್ಕೊಂದು ಮಾತಾಡೋ ಹಾಗೆ ಮಾಡ್ಕೊಂಡ್ರು, 2002ರಲ್ಲಿ ಡಿಜಿಟಲ್ ಸಹಿ ಇರೋ ಐಡಿ ಕಾರ್ಡ್ ಕೊಟ್ರು. ನನಗೆ ತುಂಬಾ ಇಷ್ಟ ಆಗಿದ್ದು ಬೇರೆ. ತನ್ನ ಮಾಹಿತಿನ ಯಾವ ಕಚೇರಿ ಯಾವಾಗ ತೆಗೆದು ನೋಡ್ತು ಅಂತ ಅಲ್ಲಿನ ಸಾಮಾನ್ಯ ಪ್ರಜೆ ಲಾಗಿನ್ ಆಗಿ ನೋಡ್ಬಹುದು, ಅಂದ್ರೆ ಸರ್ಕಾರದ ಮೇಲೆ ಜನರೇ ಕಣ್ಣಿಡೋ ಹಾಗೆ. ನಮ್ಮಲ್ಲಿ ಇದಕ್ಕೆ ಹತ್ತಿರ ಇರೋದು ಅಂದ್ರೆ ಆಧಾರ್ ಅಥೆಂಟಿಕೇಶನ್ ಹಿಸ್ಟರಿ, ಹಿಂದಿನ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ ಬಳಕೆ ಆಗಿದೆ ಅಂತ ಆಧಾರ್ ವೆಬ್‌ಸೈಟಲ್ಲಿ ಓಟಿಪಿ ಹಾಕಿ ನೋಡ್ಬಹುದು. ಇವತ್ತೇ ಒಂದ್ಸಲ ನೋಡಿ, ಅಪ್ಪ ಅಮ್ಮಂಗೂ ತೋರ್ಸಿ.